ಹಡಗಿನ ಪರ ವಹಿಸಿದವರು

ಭಾನುವಾರ ಮಧ್ಯಾಹ್ನ ಅಂಗಡಿಯ ಶಟರನ್ನು ಪೂರ್ತಿ ಎಳೆದರೆ ಒಳಗೆ ಸೆಕೆ. ಪೂರ್ತಿ ತೆರೆದಿಟ್ಟರೆ ಯಾರಾದರೂ ಆಧಾರ್ ಕಾರ್ಡು ಹಿಡಿದು ಜೆರಾಕ್ಸಿಗೆ ಬಂದು ನಿಲ್ಲುತ್ತಾರೆ. ಹಾಗಾಗಿ ಅರ್ಧ ಎಳೆಯುತ್ತಿದ್ದೆ. ಅರ್ಧ ಎಳೆದ ಶಟರಿನ ಕೆಳಗೆ ಮೂರು ಜೊತೆ ಚಪ್ಪಲಿ ಕಂಡರೆ ಕುಂದಾಪುರದ ಜನ ಏನೆಂದುಕೊಳ್ಳಬಹುದು ಎಂಬುದು ನನ್ನ ಚಿಂತೆ. ಇಸ್ಪೀಟು ಎಂದುಕೊಂಡರೆ ಪೊಲೀಸರು ಬರಬಹುದು. ಬಂದರೆ, ಐವತ್ತು ದಾಟಿದ ಮೂವರು ಗಂಡಸರು ಕೂತು ಕಾರ್ಟೂನ್ ನೋಡುತ್ತಿದ್ದೇವೆ ಎಂದು ಹೇಳಬೇಕಾಗುತ್ತದೆ. ಅದಕ್ಕಿಂತ ಇಸ್ಪೀಟೇ ವಾಸಿ ಎಂದು ಎಷ್ಟೋ ಸಲ ಅನ್ನಿಸಿದೆ.

ಕಾರ್ಟೂನ್ ಎಂದರೆ ನನ್ನ ಶಾಲೆಯ ಗೆಳೆಯನಿಗೆ ಸಿಟ್ಟು ಬರುತ್ತಿತ್ತು. “ಕಾರ್ಟೂನ್ ಅಂದ್ರೆ ಬೆಕ್ಕ್ ಇಲಿ ಓಡ್ಸುದ್ ಮಾರಾಯಾ. ಇದ್ರೊಳ್ಗೆ ಜೀವ ಇತ್ತ್” ಎನ್ನುತ್ತಿದ್ದ. ಅವನು ಗಂಗೊಳ್ಳಿ ಬಂದರಿನಲ್ಲಿ ಏಲಕ್ಕೆ ಬಂದ ಮೀನನ್ನು ಕೊಂಡು, ಮಂಜುಗಡ್ಡೆ ತುಂಬಿಸಿ, ಲಾರಿಗೆ ಹಾಕಿ ಕಳಿಸುವವನು. ಭಾನುವಾರ ಮಿಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಅಷ್ಟು ಚೊಕ್ಕವಾಗಿ ಅವನು ಮದುವೆಮನೆಗೂ ಹೋದದ್ದನ್ನು ನಾನು ನೋಡಿಲ್ಲ.

ಆ ಸರಣಿಯನ್ನು ನನ್ನ ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಟ್ಟವಳು ಮಣಿಪಾಲದಲ್ಲಿ ಓದುವ ನನ್ನ ಮಗಳು. ಸುಮ್ಮನೆ ಕೂತು ಬಿ.ಪಿ. ಏರಿಸಿಕೊಳ್ಳುವ ಬದಲು ಏನಾದರೂ ನೋಡು ಎಂದಳು. ಆಕಾಶದಲ್ಲಿ ಓಡಾಡುವ ಒಂದು ಹಳೆಯ ಹಡಗು. ಅದಕ್ಕೆ ಬುದ್ಧಿಯಿದೆ, ಮಾತೂ ಬರುತ್ತದೆ, ಆದರೆ ಕಡಿಮೆ ಮಾತು. ಅದರ ಕ್ಯಾಪ್ಟನ್ ಒಬ್ಬ ಗಟ್ಟಿ ಹೆಂಗಸು. ಕತೆ ಇಷ್ಟೇ. ವಾರಕ್ಕೊಂದು ಕಂತು. ಬಿ.ಪಿ. ಇಳಿಯಲಿ ಎಂದು ನೋಡಲು ಶುರುಮಾಡಿದವನು, ಹಡಗಿನ ಎಂಜಿನ್ ಕೆಟ್ಟ ವಾರ ಮಾತ್ರೆ ಬದಲಾಯಿಸಿಕೊಳ್ಳಬೇಕಾಯಿತು.

ಮೂರನೆಯವರು ಕೋಟದ ಕಡೆಯ ಭಟ್ರು. ದೇವಸ್ಥಾನದ ಕೆಲಸ, ಮಂತ್ರ, ಒಂದಿಷ್ಟು ಗದ್ದೆ. ಯಾವುದೋ ಪೂಜೆಯ ಆಮಂತ್ರಣ ಮುದ್ರಿಸಲು ಬಂದವರು ಪರದೆಯಲ್ಲಿ ಹಡಗನ್ನು ಕಂಡು, “ಇದ್ ಎಂತ ಮರಾಯ್ರೆ?” ಎಂದು ಸ್ಟೂಲಿನ ಮೇಲೆ ಕೂತರು. ಹೊರಗಿನ ತಿಂಡಿ ತಾನು ಮುಟ್ಟುವುದಿಲ್ಲ ಎಂದು ಅವತ್ತೇ ಹೇಳಿದ್ದರು. ಕೆಲವು ವಾರಗಳಲ್ಲಿ ಹೋಟೆಲಿನ ಗೋಳಿಬಜೆಯ ಕಟ್ಟನ್ನು ಅವರೇ ತರತೊಡಗಿದರು.

ಕಂತು ಮುಗಿದ ಮೇಲೆ ಚರ್ಚೆ. ಇಂಥ ಸರಣಿಯ ಅಭಿಮಾನಿಗಳು ಲೋಕದಲ್ಲೆಲ್ಲ ಚರ್ಚೆ ಮಾಡುತ್ತಾರೆಂದು ಇಂಟರ್‌ನೆಟ್ಟಿನಲ್ಲಿ ಓದಿ ತಿಳಿದಿದ್ದೆ. ಅಲ್ಲಿ ಯಾರೋ ಕ್ಯಾಪ್ಟನ್ನನ್ನು ಕೊಲ್ಲಬೇಕೆನ್ನುತ್ತಾರೆ, ಇನ್ಯಾರೋ ಹಾಗೆಂದವರನ್ನೇ ಕೊಲ್ಲಬೇಕೆನ್ನುತ್ತಾರೆ. ಓದಿದರೆ ನನಗೆ ಎದೆ ಡವಗುಟ್ಟುತ್ತಿತ್ತು. ನಮ್ಮ ಚರ್ಚೆ ಅಂಥದ್ದಲ್ಲ ಎಂಬ ಧೈರ್ಯವಿತ್ತು. ನಮ್ಮವರಿಬ್ಬರೂ ತಾಳಮದ್ದಲೆಯ ಹುಚ್ಚಿನವರು. ಭಟ್ರು ಊರಿನ ಕೂಟಗಳಲ್ಲಿ ವೇಷವಿಲ್ಲದೆ, ಕೂತಲ್ಲೇ ಪಾತ್ರವಾಗಿ ಅರ್ಥ ಹೇಳುವವರು. ಗೆಳೆಯ ಎಷ್ಟೋ ಕೂಟಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದವನು. ಹಾಗಾಗಿ ಕ್ಯಾಪ್ಟನ್ ಮಾಡಿದ್ದು ಸರಿಯೋ ತಪ್ಪೋ ಎಂಬ ಮಾತು ಬಂದಾಗ, ಯಾರೂ ತೀರ್ಮಾನಿಸದೆಯೇ, ಭಟ್ರು ಕ್ಯಾಪ್ಟನ್ ಆಗಿಬಿಟ್ಟರು. ಗೆಳೆಯ ಹಡಗಾದ. ನಾನು ಪದ ಹಾಡಿ ಕೂಟ ನಡೆಸುವ ಭಾಗವತ. ಹಾಡು ನನಗೆ ಬಾರದು. ಫ್ಲಾಸ್ಕಿನಿಂದ ಚಾ ಬಗ್ಗಿಸುವುದು, ವಾದ ಉದ್ದವಾದರೆ ಕೆಮ್ಮುವುದು, ಇವೆರಡೇ ನನ್ನ ಭಾಗವತಿಕೆ.

ಇದರಲ್ಲಿ ಒಂದು ತೊಡಕಿತ್ತು. ತಾಳಮದ್ದಲೆಯಲ್ಲಿ ಎಷ್ಟು ವಾದಿಸಿದರೂ ಪ್ರಸಂಗದ ಕೊನೆ ಮೊದಲೇ ಗೊತ್ತಿರುತ್ತದೆ. ಸೋಲಬೇಕಾದ ಪಾತ್ರ ಎಷ್ಟು ಚೆನ್ನಾಗಿ ಮಾತಾಡಿದರೂ ಕಡೆಗೆ ಸೋಲುತ್ತದೆ, ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಎಲ್ಲರೂ ಚಾ ಕುಡಿಯುತ್ತಾರೆ. ನಮ್ಮ ಸರಣಿಯ ಕೊನೆ ಮಾತ್ರ ಇನ್ನೂ ಬಂದಿರಲಿಲ್ಲ. ಸೋಲಬೇಕಾದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಯಾರೂ ಸೋಲುತ್ತಿರಲಿಲ್ಲ.

ಹೊಸ ಕಂತುಗಳಲ್ಲಿ ಹಡಗು ಒಂದು ಸತ್ತ ಗ್ರಹದ ನೆಲಕ್ಕೆ ಬಿದ್ದು ಸಿಕ್ಕಿಹಾಕಿಕೊಂಡಿತು. ಜನರನ್ನೆಲ್ಲ ಸಣ್ಣ ವಾಹನಕ್ಕೆ ಹತ್ತಿಸಿ, ಹಡಗನ್ನು ಅಲ್ಲೇ ಬಿಟ್ಟು ಹೊರಡಲು ಕ್ಯಾಪ್ಟನ್ ತೀರ್ಮಾನಿಸಿದಳು. ಕಂತಿನ ಕೊನೆಯಲ್ಲಿ ಹಡಗು, “ನಾನೂ ಬರಬಹುದೇ?” ಎಂದು ಕೇಳಿತು. ಪರದೆ ಕಪ್ಪಾಯಿತು. ನಮ್ಮ ಮೂವರ ಕೈಯಲ್ಲೂ ಗೋಳಿಬಜೆ ಹಾಗೇ ಇತ್ತು.

ಭಟ್ರು ಗಂಟಲು ಸರಿಮಾಡಿಕೊಂಡರು. “ಎಲೈ ನೌಕೆಯೇ, ನಿನ್ನನ್ನು ತೊರೆಯುತ್ತಿರುವುದು ನಾನಲ್ಲ, ನನ್ನ ಕರ್ತವ್ಯ. ಇಷ್ಟು ಜೀವಗಳ ಹೊಣೆ ನನ್ನ ಹೆಗಲಿಗಿದೆ.”

ಗೆಳೆಯ ತಡಮಾಡಲಿಲ್ಲ. “ಆ ಜೀವಗಳನ್ನು ಇಲ್ಲಿಯವರೆಗೆ ಹೊತ್ತದ್ದು ಯಾರ ಹೆಗಲು, ತಾಯೇ? ಹೊರುವಾಗ ನಾನು ಹಡಗು, ಇಳಿಯುವಾಗ ಬರೀ ಕಬ್ಬಿಣವೋ?”

“ಭಲೇ!” ಎಂದುಬಿಟ್ಟೆ. ಭಾಗವತ ಹಾಗೆ ಒಂದು ಪಕ್ಷಕ್ಕೆ ಭಲೇ ಎನ್ನಬಾರದು. ಭಟ್ರ ಕಿವಿ ಕೆಂಪಾಯಿತು. ಉತ್ತರ ಹೊಳೆಯದಿದ್ದಾಗ ಎದುರಾಳಿಯನ್ನು ಹಂಗಿಸುವುದು ಅರ್ಥಧಾರಿಗಳ ಹಳೆಯ ಪಟ್ಟು. ಅವರು ಅದನ್ನೇ ಹಾಕಿದರು. ಕಡಲ ತೀರದಲ್ಲಿ ಹುಟ್ಟಿ ಬೆಳೆದವರು ಬೇರೆ, ಆಕಾಶಕ್ಕೆ ಹೋದರೂ ಬಾಯಿಗೆ ಬರುವುದು ಸಮುದ್ರವೇ.

“ನೆಲ ಕಚ್ಚಿದ ನೀನು ಯಾನದ ಧರ್ಮವನ್ನು ನನಗೆ ಹೇಳುವೆಯಾ? ಅಲೆಗೆ ಅಂಜಿ ದಡದಲ್ಲಿ ಕೂತವರಿಗೆ ಹಡಗಿನ ಮಾತು ಯಾಕೆ?”

ಗೆಳೆಯ ಉಳಿದ ಚಾ ಕುಡಿದು, ಲೋಟವನ್ನು ಮೇಜಿನ ಕೆಳಗಿಟ್ಟು, “ಬತ್ತೆ ಹಂಗಾರೆ. ಲಾರಿ ಬತ್ತ್” ಎಂದ. ಶಟರಿನಡಿ ಬಗ್ಗಿ ಹೊರಗೆ ಹೋದ. ಭಾನುವಾರ ಅವನ ಲಾರಿ ಇಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಭಟ್ರಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಹರೆಯದಲ್ಲಿ ಅವನು ಮಾವನ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದ. ಒಮ್ಮೆ ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಯಾರೂ ಸಾಯಲಿಲ್ಲ. ಎಲ್ಲರೂ ಈಜಿ ಬಂದರು, ಮಾವ ಮುಂದಿನ ವಾರವೇ ಬೇರೆ ದೋಣಿ ಹತ್ತಿದ. ಇವನು ಹತ್ತಲಿಲ್ಲ. ಯಾರಾದರೂ ಸತ್ತಿದ್ದರೆ ಜನ ಅರ್ಥಮಾಡಿಕೊಳ್ಳುತ್ತಿದ್ದರೋ ಏನೋ. ಕಡಲಿಗೆ ಹೋಗುವವರ ಮನೆಯಲ್ಲಿ ಹುಟ್ಟಿ ದಡದಲ್ಲಿ ಕೂತವನು ಎಂಬ ಮಾತನ್ನು ಅವನೆದುರು ಯಾರೂ ಆಡುವುದಿಲ್ಲ. ಆಡಬೇಕಾದ್ದೂ ಇಲ್ಲ. ದಿನಾ ಬೆಳಿಗ್ಗೆ ದೋಣಿಗಳು ಬಂದು ತಲುಪುವ ಜಾಗದಲ್ಲೇ ಅವನು ನಿಂತಿರುತ್ತಾನೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಫೋನಿನಲ್ಲಿ, “ಶೀತ” ಎಂದ. ಮೂವರೂ ಸೇರದೆ ಕಂತು ನೋಡಬಾರದೆಂದು ನಮ್ಮೊಳಗೊಂದು ಕಟ್ಟಳೆ. ಭಟ್ರೂ ನಾನೂ ಕಪ್ಪು ಪರದೆಯ ಮುಂದೆ ಕೂತೆವು. ಗೋಳಿಬಜೆ ಇತ್ತು. ಇಬ್ಬರಿಗೆ ಅದು ಹೆಚ್ಚಾಯಿತು.

ಮೊದಲ ಬಾರಿಗೆ ನನ್ನ ಚಿಂತೆಗೊಂದು ಸರಿಯಾದ ಕಾರಣ ಸಿಕ್ಕಿತ್ತು. ಈ ವಯಸ್ಸಿನಲ್ಲಿ ಗಂಡಸರಿಗೆ ಹೊಸ ಸ್ನೇಹಿತರು ಸಿಗುವುದಿಲ್ಲ. ಸಿಗುವುದು ಡಾಕ್ಟರರು ಮಾತ್ರ. ವಾರದ ಆರು ದಿನ ನನ್ನೊಡನೆ ಮಾತಾಡುವವರು, “ಎರಡೂ ಬದಿ” ಅಥವಾ “ಒಂದೇ ಬದಿ” ಎನ್ನುತ್ತಾರೆ, ಅಷ್ಟೇ. ಇವನು ಬಾರದೆ ಹೋದರೆ ಭಟ್ರೂ ಮೆಲ್ಲನೆ ನಿಲ್ಲುತ್ತಾರೆ. ಆಮೇಲೆ ಶಟರನ್ನು ಪೂರ್ತಿ ಎಳೆದು ಮನೆಗೆ ಹೋಗಬಹುದು.

ಭಟ್ರಿಗೆ ಆ ದೋಣಿಯ ಕತೆ ಹೇಳಿದೆ. ಅವರು ಕೈಯಲ್ಲಿದ್ದ ಗೋಳಿಬಜೆಯನ್ನು ಕೆಳಗಿಟ್ಟರು.

“ನಂಗೆ ಗೊತ್ತಿತ್ತಾ ಮರಾಯ್ರೆ? ನಾ ಹಡಗಿಗೆ ಹೇಳಿದ್ದಲ್ದಾ?”

“ಒಂದ್ ಮಾತ್ ತಪ್ಪಾಯ್ತ್ ಅಂದ್ಬಿಡಿ ಭಟ್ರೆ.”

“ಹ್ಯಾಂಗೆ ಅಂಬುದ್?” ಎಂದರು. “ಅರ್ಥ ಹೇಳುವಾಗ ಆಡಿದ್ ಮಾತಿಗೆ ತಪ್ಪಾಯ್ತ್ ಅಂದ್ರೆ, ಆ ಮಾತ್ ಪಾತ್ರದ್ದಲ್ಲ, ನಂದೇ ಅಂದಾಂಗಾತ್ತ್. ಅವ್ರಿಗೇ ಹೇಳಿದ್ ಅಂದಾಂಗಾತ್ತ್. ಅದ್ ಇನ್ನೂ ಹೆಚ್ಚ್ ನೋಯತ್ತ್.”

ಯೋಚಿಸಿದರೆ ಹೌದು. ಅದೇ ಲೆಕ್ಕದಲ್ಲಿ ಗೆಳೆಯನೂ ನೋವಾಯಿತೆಂದು ಹೇಳುವಂತಿಲ್ಲ. ಹೇಳಿದರೆ ಆ ಮಾತು ತನಗೆ ತಗುಲಿತೆಂದು ಒಪ್ಪಿದಂತೆ. ತಾಳಮದ್ದಲೆಯ ಮರ್ಯಾದೆ ಇಬ್ಬರ ಬಾಯನ್ನೂ ಹೊಲಿದಿತ್ತು. ಬೇರೆ ಊರಿನ ಅಭಿಮಾನಿಗಳು ಒಬ್ಬರನ್ನೊಬ್ಬರು ನೇರವಾಗಿ ಬೈದು ಮುಗಿಸುತ್ತಾರೆ. ಅವರ ಪುಣ್ಯ ಎನ್ನಿಸಿತು.

ಆಗ ನನಗೆ ಹೊಳೆದದ್ದನ್ನು ಉಪಾಯ ಎನ್ನಬೇಕೋ ಹೆದರಿಕೆಯಿಂದ ಬಂದ ಅಸಂಬದ್ಧ ಎನ್ನಬೇಕೋ ಗೊತ್ತಿಲ್ಲ. ಕೂಟದಿಂದ ಕೂಟಕ್ಕೆ ಪಾತ್ರ ಬದಲಾಗುವುದು ಇದ್ದದ್ದೇ. ನಿನ್ನೆ ಕೃಷ್ಣನಾದವರು ನಾಳೆ ಕೌರವ. “ಈ ಸಲ ಹಡಗಿನ ಪಾತ್ರ ನೀವೇ ಮಾಡಿ ಭಟ್ರೆ” ಎಂದೆ. “ಆ ಕ್ಯಾಪ್ಟನ್ನಿಗೆ ನೀವೇ ಉತ್ತರ ಕೊಡಿ.”

ಭಟ್ರ ಮುಖದಲ್ಲಿ ರಂಗು ಬಂತು. ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಬಂದು, ಜೆರಾಕ್ಸ್ ಯಂತ್ರವನ್ನು ನಿಲ್ಲಿಸಲು ಹೇಳಿ, ನಮ್ಮ ಮೂವರ ವಾಟ್ಸಾಪ್ ಗ್ರೂಪಿಗೆ ಧ್ವನಿ ಸಂದೇಶ ಹಾಕಿದರು. ಹಡಗು ಮಾತಾಡಿತು. “ಹೇ ನಾಯಕಿ, ದಡವೆಂದು ಜರೆದೆಯಲ್ಲ! ದಡವಿಲ್ಲದಿದ್ದರೆ ಮರಳಿ ಬರುವುದೆಲ್ಲಿಗೆ?” ಎಂದು ಶುರುವಾದದ್ದು ನೆಲ, ಜಲ, ಆಕಾಶ, ಧರ್ಮ, ಕೃತಜ್ಞತೆ ಎಲ್ಲವನ್ನೂ ಸುತ್ತಿತು. ನಡುವೆ ಒಂದು ಶ್ಲೋಕವೂ ಬಂತು. ಇಬ್ಬರು ಗಿರಾಕಿಗಳು ಕಾಗದ ಹಿಡಿದು ನಿಂತು ಕೇಳಿ, ಕಡೆಗೆ ಕಾಗದ ಮಡಚಿಕೊಂಡು ಬೇರೆ ಅಂಗಡಿಗೆ ಹೋದರು.

ಎರಡು ನೀಲಿ ಗೆರೆ ಮೂಡಿತು. ಉತ್ತರವಿಲ್ಲ. ಸಂಜೆಯಾದರೂ ಇಲ್ಲ. ಅವನು ಗ್ರೂಪ್ ಬಿಟ್ಟೇ ಹೋಗುತ್ತಾನೆಂದು ನಾನು ಐದೈದು ನಿಮಿಷಕ್ಕೆ ಫೋನ್ ತೆಗೆದು ನೋಡುತ್ತಿದ್ದೆ. ಮರುದಿನ ಅವನ ದನಿ ಬಂತು. ಹಿಂದೆ ಬಂದರಿನ ಗಲಾಟೆ, ಏಲ ಕೂಗುವವರ ದನಿ.

“ಹ್ವಾಯ್ ಭಟ್ರೆ, ಎಂತ ಮಾಡಿ ಇಟ್ರಿ ನೀವ್? ಅದ್ ಹಡಗಾ, ಹರಿಕತೆ ದಾಸ್ರಾ? ಸುರುವಿಂದ ಕಾಣ್ತಾ ಇದ್ರಿ, ಹಡ್ಗ್ ಯಾವತ್ತಾರೂ ನಾಕ್ ಮಾತ್ ಕೂಡ್ಸಿ ಆಡಿತ್ತಾ? ನೀವ್ ಅದ್ರ ಬಾಯಂಗೆ ಶ್ಲೋಕ ಹಾಕ್ತ್ರಿ!” ಆಮೇಲೆ, ತುಸು ಸಣ್ಣ ದನಿಯಲ್ಲಿ, “ಹೆದರಿದವ್ರ್ ಅಷ್ಟುದ್ದ ಮಾತಾಡುದಿಲ್ಲೆ ಭಟ್ರೆ. ನಂಗೆ ಗೊತ್ತಿತ್ತ್.”

ಭಟ್ರು ಅದನ್ನು ಅಂಗಡಿಯಲ್ಲಿ ನಿಂತು ಎರಡು ಸಲ ಕೇಳಿದರು. ಆಮೇಲೆ ಎರಡೇ ಪದ ಟೈಪ್ ಮಾಡಿದರು: “ಭಾನುವಾರ ಬನ್ನಿ.”

ಬಂದ. ಇಸ್ತ್ರಿ ಅಂಗಿ, ಮಿಂದ ತಲೆ. ಶೀತದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ, “ಶೀತ ಹ್ಯಾಂಗಿತ್ತ್?” ಎಂದು ಕೇಳಿ ಇಬ್ಬರ ಕೈಲೂ ದುರುಗುಟ್ಟಿಸಿಕೊಂಡೆ.

ಬಾಕಿ ಉಳಿದ ಕಂತು ಹಾಕಿದೆ. ಸತ್ತ ಗ್ರಹ, ಸಣ್ಣ ವಾಹನ, ಬಾಗಿಲ ಬಳಿ ನಿಂತ ಕ್ಯಾಪ್ಟನ್. ಹಡಗು ಮಾತಾಡಲು ಶುರುಮಾಡಿತು. ನಾನು ಮೆಲ್ಲನೆ ಗೆಳೆಯನ ಕಡೆ ನೋಡಿದೆ. ಯಾಕೆಂದರೆ ಅದು ನಿಲ್ಲಿಸಲಿಲ್ಲ. ತಾನು ಕಂಡ ನಕ್ಷತ್ರಗಳು, ಹೊತ್ತ ಜನರು, ಕ್ಯಾಪ್ಟನ್ ಮೊದಲ ಸಲ ಹತ್ತಿದ ದಿನ, ಎಲ್ಲವನ್ನೂ ಹೇಳಿತು. ಹಿನ್ನೆಲೆಯಲ್ಲಿ ಪಿಟೀಲು ಬೇರೆ. ಪರದೆಯ ಕೆಳಗೆ ಓಡುವ ಅನುವಾದದ ಅಕ್ಷರಗಳು ಮುಗಿಯುತ್ತಲೇ ಇರಲಿಲ್ಲ. ಶ್ಲೋಕ ಒಂದನ್ನು ಬಿಟ್ಟರೆ ಭಟ್ರು ಹೇಳಿದ್ದೆಲ್ಲ ಅದರಲ್ಲಿತ್ತು. ದಡದ ಮಾತು ಸಹಿತ.

ಭಟ್ರು ಗೆದ್ದಿದ್ದರು. ಇದುವರೆಗೆ ಯಾರೂ ಗೆಲ್ಲದ ನಮ್ಮ ಕೂಟದಲ್ಲಿ, ಸರಣಿ ಬರೆದವರೇ ಅವರ ಪರ ಸಾಕ್ಷಿ ಹೇಳಿದ್ದರು. ಒಂದು ವಾದದಲ್ಲಿ ಗೆದ್ದರೆ ಅದನ್ನು ಎರಡು ತಿಂಗಳು ನೆನಪಿಸುವ ಜನ ಅವರು. ನಾನು ಕೆಮ್ಮಲು ಗಂಟಲು ಸಿದ್ಧಮಾಡಿಕೊಂಡೆ.

ಗೆಳೆಯ ಪರದೆಯನ್ನೇ ನೋಡುತ್ತ ಮೆಲ್ಲನೆ ಹೇಳಿದ: “ಈ ಬರ್ದವ್ರಿಗೆ ಹಡ್ಗ್ ಅಂದ್ರೆ ಎಂತ ಅಂದೇಳಿ ಗೊತ್ತಿಲ್ಲೆ.”

ಭಟ್ರು ಗೋಳಿಬಜೆಯ ಕಟ್ಟು ಬಿಚ್ಚಿ ಅವನ ಕಡೆ ಸರಿಸಿದರು. ಕ್ಯಾಪ್ಟನ್ನಿನ ದನಿ ಇರಲಿಲ್ಲ, ಹಡಗಿನದ್ದೂ ಅಲ್ಲ. ದೇವಸ್ಥಾನದಲ್ಲಿ ಪ್ರಸಾದ ಕೊಡುವಾಗ ಇರಬಹುದಾದ ದನಿ.

“ಹೌದ್” ಎಂದರು. “ನೀವ್ ಹೇಳಿದ್ದೇ ಸಮ. ಇವ್ರ್ ಬರ್ದದ್ ತಪ್ಪ್. ಹಡ್ಗ್ ಅಷ್ಟ್ ಮಾತಾಡೂಕಾಗ.”

ಗೆಳೆಯ ಅವರನ್ನೊಮ್ಮೆ ನೋಡಿದ. ಒಂದು ಗೋಳಿಬಜೆ ತೆಗೆದುಕೊಂಡ. “ಆರಿಹೋಯ್ತಲ್ಲ ಇದ್” ಎಂದು ಬೈದು, ತಿಂದ.

ನಾನು ಚಾ ಬಗ್ಗಿಸಿದೆ. ಭಾಗವತನಾಗಿ ನಾನು ಸರಿಯಾದ ಹೊತ್ತಿಗೆ ಮಾಡಿದ ಕೆಲಸ ಇದೊಂದೇ ಇರಬೇಕು. ಆಮೇಲೆ ಮಗಳಿಗೆ ಫೋನ್ ಮಾಡಿ, ಈ ಸರಣಿಗೆ ಇನ್ನೆಷ್ಟು ಕಂತು ಬಾಕಿಯಿದೆ ಎಂದು ಕೇಳಿದೆ. ಯಾಕೆ ಎಂದಳು. ಸುಮ್ಮನೆ ಎಂದೆ.