ಹಿಂದಿನ ಅಚ್ಚಿನ ಒಂದು ಹಲ್ಲು

ಓದುವವರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಇಲ್ಲಿ ಹೇಳಲಿರುವ ಸಂಗತಿಯನ್ನು ನಾನು ಈವರೆಗೆ ಯಾರ ಮುಂದೆಯೂ ಹೇಳಿರುವುದಿಲ್ಲ. ಇದಕ್ಕೆ ಸಂಬಂಧಪಟ್ಟ ಇಬ್ಬರೂ, ಅಂದರೆ ನನ್ನ ತಾಯಿ ಹಾಗೂ ನನ್ನ ಅಣ್ಣ, ಈಗ ಇಲ್ಲವಾದ್ದರಿಂದ ಹೇಳಲು ಅಡ್ಡಿಯಿಲ್ಲವೆಂದು ತಿಳಿದಿದ್ದೇನೆ. ತಿಳಿದದ್ದು ತಪ್ಪಾಗಿದ್ದಲ್ಲಿ ಕ್ಷಮಿಸಬೇಕು.

ಸ್ವಾತಂತ್ರ್ಯ ಬಂದ ಏಳೆಂಟು ವರ್ಷಗಳ ತರುವಾಯದ ಮಾತು. ಗಜೇಂದ್ರಗಡದಲ್ಲಿ ಅಣ್ಣನ ಬಳಿ ಲಷ್ಕರದ ಹರಾಜಿನಲ್ಲಿ ಹಿಡಿದ ಒಂದು ಲಾರಿಯಿತ್ತು. ಅವನು ಡ್ರೈವರ, ನಾನು ಅದರ ರಿಪೇರಿ ನೋಡಿಕೊಳ್ಳುವ ಮಿಸ್ತ್ರಿ. ಆ ಕಾಲಕ್ಕೆ ರೋಣ, ನರಗುಂದ ಭಾಗದ ಲಾರಿಯವರಲ್ಲಿ ಒಂದು ಪದ್ಧತಿಯಿತ್ತು. ಹತ್ತಿಯ ಸುಗ್ಗಿಗೆ ಮುಂಚೆ ಚಿಕ್ಕನರಗುಂದದ ಆಚೆಯ ನೆಟ್ಟನೆಯ ರಸ್ತೆಯಲ್ಲಿ ಎರಡೆರಡು ಲಾರಿಗಳನ್ನು ಜೋಡಿಯಾಗಿ ನಿಲ್ಲಿಸಿ, ಒಂದು ಫರ್ಲಾಂಗು ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಓಡಿಸುವುದು. ಕಡೆಗೆ ಗೆದ್ದವನಿಗೆ ಆ ವರ್ಷ ಪೇಟೆಯಲ್ಲಿ ಮೊದಲ ಹೇರು. ರಸ್ತೆ ಸಣ್ಣದಾದ್ದರಿಂದ ಪ್ರತಿ ಲಾರಿಯ ಒಂದು ಬದಿಯ ಗಾಲಿಗಳು ಖಡಿಯ ಮೇಲೂ ಇನ್ನೊಂದು ಬದಿಯವು ಸಡಿಲ ಎರೆಮಣ್ಣಿನ ಮೇಲೂ ಇರುತ್ತಿದ್ದವು.

ಎರಡು ವರ್ಷ ಸತತವಾಗಿ ಅಣ್ಣ ಸೋತಿದ್ದನು. ಆದಕಾರಣ ಹಿಂದಿನ ಅಚ್ಚಿನ ಗೇರನ್ನೇ ಬದಲಿಸೋಣವೆಂದು ನಾನು ಸೂಚಿಸಿದೆನು. ಮೊದಲಿದ್ದ ಗೇರಿನ ಜೋಡಿಯಲ್ಲಿ ಗಾಲಿ ಒಂದು ಸಲ ತಿರುಗಲು ಇಂಜಿನಿನ ಕಡೆಯ ದಂಡವು ಐದು ಸಲ ತಿರುಗಬೇಕಿತ್ತು. ನಾನು ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕಿ ತಂದ ಜೋಡಿಯಲ್ಲಿ ಆರೂವರೆ ಸಲ. ದೂರದ ಹಾದಿಗೆ ಇದು ನಿಧಾನ, ಆದರೆ ನಿಂತಲ್ಲಿಂದ ನೆಗೆಯಲು ಇದರದೇ ಬಲ.

ಅಣ್ಣ ಆ ಜೋಡಿಯ ಸಣ್ಣ ಗೇರಾದ ಪಿನಿಯನ್ನನ್ನು ಅಂಗೈಯಲ್ಲಿ ತೂಗಿ ನೋಡಿದನು. "ಹಲ್ಲು ಕಮ್ಮಿ ಅದಾವಲ್ಲೋ ತಮ್ಮಾ. ಇದು ತಡೀತೈತೇನು?"

"ಒಂದು ಫರ್ಲಾಂಗ್ ತಡೀಲಿಲ್ಲಂದ್ರ ನನ್ನ ಮಿಸ್ತ್ರಿ ಅನಬ್ಯಾಡ."

"ಈಗರೆ ಯಾರ ಅಂತಾರ?" ಎಂದು ನಕ್ಕನು. ನನ್ನೆದುರು ಅವನು ಮನಸಾರೆ ನಕ್ಕದ್ದು ಅದೇ ಕಡೆಯದು.

ಓಟದ ದಿನ ಮುಂಜಾನೆ ಅಣ್ಣ ಪೆಟ್ರೋಲು ತರಲು ಹೋಗಿದ್ದಾಗ ಅವ್ವ ಬಿದಿರಿನ ಗೊಟ್ಟವೊಂದನ್ನು ಹಿಡಿದು ಬಂದಳು. ಅದರ ತುಂಬ ಕೀಲೆಣ್ಣೆ. ಸುಟ್ಟ ಹುಲ್ಲಿನ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ, ಚಕ್ಕಡಿಯ ಅಚ್ಚಿಗೆ ಹಚ್ಚುವಂಥದು. ಅವಳ ತವರಿನಲ್ಲಿ ಹಿರಿಯ ಹೆಣ್ಣುಮಗಳು ಕೀಲೆಣ್ಣೆ ಕೊಡದೆ ಯಾವ ಬಂಡಿಯೂ ಪಂದ್ಯಕ್ಕೆ ಹೊರಡುತ್ತಿರಲಿಲ್ಲ.

"ಹೊರಗ ಹಚ್ಚತೇನವಾ," ಎಂದೆನು.

"ಹೊರಗ ಹಚ್ಚಿದ್ರೇನು ಬಂತೋ? ಹಸದಾಂವನ ಬೆನ್ನಿಗೆ ರೊಟ್ಟಿ ಕಟ್ಟಿದ್ಹಂಗ. ಅಚ್ಚಿನೊಳಗ ಹಾಕು. ಉಪಾಸ ಇದ್ದು ಕಲಸೇನಿ."

ಒಳಗೆ ಡಬ್ಬಿಯ ಎಣ್ಣೆ ಬಿಟ್ಟು ಬೇರೇನೂ ಹೋಗಬಾರದೆಂಬುದನ್ನು ನಾನು ಬಲ್ಲೆನು. ಆದರೆ ಅವಳು ಕದಲಲಿಲ್ಲ. ಒಂದು ಫರ್ಲಾಂಗಿಗೆ ಏನಾದೀತೆಂದು ತಿರುಪು ಬಿಚ್ಚಿ, ಅವಳ ಕಣ್ಣೆದುರಿಗೇ ಗೊಟ್ಟವನ್ನು ಬರಿದು ಮಾಡಿದೆನು. ಅಣ್ಣನಿಗೆ ತಿಳಿಸಲಿಲ್ಲ. ಸದರಿ ತಪ್ಪು ಸಂಪೂರ್ಣವಾಗಿ ನನ್ನದೇ.

ಓಟದಲ್ಲಿ ನಮ್ಮ ಲಾರಿಯು ಹೊರಡುತ್ತಲೇ ಅರ್ಧ ಗಾಡಿಯಷ್ಟು ಮುಂದಾಯಿತು. ಮಣ್ಣಿನ ಬದಿಯ ಗಾಲಿ ಹಿಡಿತ ಸಿಗದೆ ಗರಗರ ತಿರುಗಿ ಎರೆಯನ್ನು ಹಿಂದಕ್ಕೆ ಎರಚುತ್ತಿತ್ತು. ಕಲ್ಲು ಇನ್ನು ಹತ್ತು ಮಾರು ಇರುವಾಗ ಅಚ್ಚಿನೊಳಗಿಂದ ಕಟಕ್ಕೆಂಬ ಸಪ್ಪಳ ಬಂದು ಲಾರಿ ನಿಂತುಬಿಟ್ಟಿತು. ಎದುರಾಳಿ ದಾಟಿ ಹೋದನು.

"ಲಷ್ಕರದ ಗಾಡಿ ಶರಣಾತ್ರೋ!" ಎಂದು ಯಾರೋ ಕೂಗಿದರು. ಜನ ನಕ್ಕರು. ಅಣ್ಣ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಆಮೇಲೆ ನನ್ನ ಕಡೆ ನೋಡದೆ, ಲಾರಿ ಎಳೆಸಲು ಎತ್ತು ಕೇಳಿ ಬರುವೆನೆಂದು ಊರ ಕಡೆ ನಡೆದನು.

ನಾನು ಅಲ್ಲಿಯೇ, ರಸ್ತೆಯ ಪಕ್ಕದಲ್ಲಿ, ಅಚ್ಚಿನ ನಡುವೆ ಗೇರುಗಳು ಕೂಡುವ ಡಿಫರೆನ್ಶಿಯಲ್ಲನ್ನು ಹೊರಗಿಳಿಸಿ ಬಿಚ್ಚಿದೆನು. ಪಿನಿಯನ್ನಿನ ಒಂದು ಹಲ್ಲಿಗೂ ಗೀರು ಬಿದ್ದಿರಲಿಲ್ಲ. ನಾನು ಆರಿಸಿದ ಜೋಡಿ ತಡೆದಿತ್ತು. ಒಂದು ಬದಿಯ ಗಾಲಿ ಸುಮ್ಮನೆ ತಿರುಗುವಾಗ ಒಳಗಿನ ನಾಲ್ಕು ಚಿಕ್ಕ ಗೇರುಗಳು ತಮ್ಮ ಅಡ್ಡ ಕೀಲಿನ ಮೇಲೆ ಭರದಿಂದ ಸುತ್ತುತ್ತವೆ. ಆ ಕೀಲಿನ ಮೇಲೆ ಕೊರೆದ ತೋಡಿನಲ್ಲಿ ಹರಿಯುವ ಎಣ್ಣೆಯೇ ಅವುಗಳ ಜೀವ. ಆ ತೋಡಿನಲ್ಲಿ ಈಗ ಹುಲ್ಲಿನ ಕರಿ ಗಟ್ಟಿಯಾಗಿ ಕೂತಿತ್ತು. ಎಣ್ಣೆಯಿಲ್ಲದೆ ಗೇರುಗಳು ಕೀಲಿಗೆ ಕಚ್ಚಿಕೊಂಡು, ಕೀಲು ಮುರಿದು ಹೊರಗಿನ ಪೆಟ್ಟಿಗೆಗೆ ಅಡ್ಡ ಸಿಕ್ಕಿತ್ತು.

ಅಣ್ಣನ ಬಾಯಿ ನನಗೆ ಗೊತ್ತು. ಇದನ್ನು ಕಂಡರೆ ಮನೆಯ ಹೊಸ್ತಿಲು ದಾಟುವ ಮೊದಲೇ ಅವ್ವನಿಗೆ ಅಂದುಬಿಡುತ್ತಾನೆ. ಉಪವಾಸವಿದ್ದು ಕಲಸಿದವಳು ಆ ಮಾತನ್ನು ಸಾಯುವವರೆಗೆ ಹೊರಬೇಕಾಗುತ್ತದೆ. ಕಾರಣ, ಕರಿಯನ್ನೆಲ್ಲ ಧೋತರದ ಅಂಚಿನಿಂದ ಒರೆಸಿದೆನು. ತರುವಾಯ ಪಿನಿಯನ್ನನ್ನು ಫರ್ಲಾಂಗು ಕಲ್ಲಿನ ಮೇಲಿಟ್ಟು, ಉಳಿ ಹಿಡಿದು, ಸುತ್ತಿಗೆಯಿಂದ ಒಂದು ಹಲ್ಲು ಮುರಿದೆನು. ಉಕ್ಕು ಚಲೋ ಇತ್ತು. ಮೂರು ಪೆಟ್ಟು ಬೇಕಾದವು.

ಅಣ್ಣ ಬಂದು ಆ ಚೂರನ್ನು ಎತ್ತಿಕೊಂಡನು. "ಸಣ್ಣದು ತಡಿಯಂಗಿಲ್ಲಂತ ಹೇಳಿದ್ನಿಲ್ಲೋ ನಾನು?"

"ಹೌದಣ್ಣಾ. ನಂದ ತಪ್ಪು."

"ಇನ್ನ ಮ್ಯಾಲೆ ನನ್ನ ಗಾಡಿಗೆ ಕೈ ಹಚ್ಚಬ್ಯಾಡ."

ಅವನು ಲಾರಿಯೊಂದಿಗೆ ನರೇಗಲ್ಲಿಗೆ ಹೋಗಿ ನೆಲೆಸಿದನು. ಅಲ್ಲಿಯ ಮಿಸ್ತ್ರಿಯೊಬ್ಬರು ಬೇರೆ ಡಿಫರೆನ್ಶಿಯಲ್ ಹಾಕಿಕೊಟ್ಟರು. ಮರುವರ್ಷ ಓಟ ಬಂದಾಗ ಅವ್ವ ಮತ್ತೆ ಕೀಲೆಣ್ಣೆ ಕಲಸಲು ಕೂತಳು.

"ಕೊಡವಾ, ನಾ ಮುಟ್ಟಿಸಿ ಬರ್ತೇನಿ," ಎಂದೆನು.

ಅವಳು ಗೊಟ್ಟವನ್ನು ಸೀರೆಯ ಮರೆಗೆ ಸರಿಸಿಕೊಂಡಳು. "ಬ್ಯಾಡಪಾ. ನಿನ್ನ ಕೈಲೆ ಬ್ಯಾಡ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನು.

ಅಂದೇ ಸೈಕಲ್ ತುಳಿದು ನರೇಗಲ್ಲಿನ ಆ ಮಿಸ್ತ್ರಿಯವರನ್ನು ಕಂಡೆನು. "ನಮ್ಮವ್ವ ಕೀಲೆಣ್ಣಿ ತರ್ತಾಳ್ರಿ. ಕಣ್ಣಿಗೆ ಒತ್ತಿಗೊಂಡು ಇಸಗೋರಿ, ಆದ್ರ ಒಳಗ ಹಾಕಬ್ಯಾಡ್ರಿ. ಹಾಕೇನಿ ಅನ್ರಿ. ನಾ ಬಂದಿದ್ದೆ ಅಂತ ಯಾರಿಗೂ ಹೇಳಬ್ಯಾಡ್ರಿ."

"ಯಾಕ್ರಿ?" ಎಂದರು ಅವರು. ನಾನು ಸೈಕಲ್ ತಿರುಗಿಸಿಕೊಂಡೆನು.

ಆ ವರ್ಷ ಅಣ್ಣ ಗೆದ್ದನು. ಅವ್ವ ನರೇಗಲ್ಲಿನಿಂದ ಮರಳಿದವಳೇ ನನ್ನ ಅಂಗೈಯಲ್ಲಿ ಚಿಟಿಕೆ ಸಕ್ಕರೆ ಇಟ್ಟಳು.

"ಕೀಲೆಣ್ಣಿ ಅದೇ ಇತ್ತ ನೋಡಪಾ," ಎಂದಳು. "ಹಾಕಿದ ಕೈ ಬ್ಯಾರೆ ಇತ್ತ."

"ಹೌದವಾ," ಎಂದು ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆನು.