ಇಳಿಜಾರನ್ನು ಬಿಟ್ಟುಕೊಟ್ಟವರು

ಮೊನ್ನೆ ಅಮೆರಿಕದ ಏಪೆಕ್ಸ್‌ನ ನಮ್ಮ ಮನೆಯ ಹಿತ್ತಲಲ್ಲಿ ಹೊಸ ಬೇಲಿಗೆ ಗುಂಡಿ ತೋಡಿದರು. ಮೇಲಿನ ಹುಲ್ಲು ಕಿತ್ತುಬಂದ ಕೂಡಲೇ ಕೆಂಪು ಜೇಡಿಮಣ್ಣಿನ ಹಸಿ ವಾಸನೆ ಅಡುಗೆಮನೆಯವರೆಗೂ ಬಂತು. ಪಕ್ಕದ ಮನೆಯ ಅಂಕಲ್ ನೆನಪಾದರು...

ಅವರು ಆ ಮನೆಯ ಡಾಕ್ಟರ್ ಅಕ್ಕನ ತಂದೆ. ಗದಗದ ಕಡೆಯವರು. ಸರ್ಕಾರಿ ನೌಕರಿಯಲ್ಲಿ ಊರೂರು ತಿರುಗಿ ಮಣ್ಣು ಪರೀಕ್ಷಿಸಿ ನಿವೃತ್ತರಾಗಿದ್ದರು. 2020ರ ಚಳಿಗಾಲದಲ್ಲಿ ಮಗಳನ್ನು ನೋಡಲು ಬಂದವರು ಯುಗಾದಿಗೆ ಊರಲ್ಲಿರಬೇಕಿತ್ತು. ಅಷ್ಟರಲ್ಲಿ ವಿಮಾನಗಳು ನಿಂತವು. ಅಕ್ಕ ಆಸ್ಪತ್ರೆಯಿಂದ ಬಂದರೆ ಗರಾಜಿನ ಮೇಲಿನ ಕೋಣೆ ಸೇರುತ್ತಿದ್ದರು. ತನ್ನಿಂದ ಅಪ್ಪನಿಗೆ ಸೋಂಕು ತಗಲೀತೆಂಬ ಭಯ. ಅಂಕಲ್ ಹಿತ್ತಲು ದಾಟುವಂತಿರಲಿಲ್ಲ.

ನಾನೂ ಹಾಗೇ ಇದ್ದೆ. ವರ್ಕ್ ಪರ್ಮಿಟ್ ಸಮಯಕ್ಕೆ ಬಾರದೆ ಕೆಲಸ ಹೋಗಿತ್ತು. ತವರು ಮೈಸೂರಿಗೆ ಹೋದರೆ ಮರಳಲು ವೀಸಾ ಸಿಗದೆ ಅಲ್ಲೇ ಉಳಿಯುವ ಹೆದರಿಕೆ. ಗಂಡ ಇಡೀ ದಿನ ಮೀಟಿಂಗಿನಲ್ಲಿ. ಹಾಗಾಗಿ ಬೆಳಿಗ್ಗೆ ಕಾಫಿ ಹಿಡಿದು ಹಳೆಯ ಬೇಲಿಯ ಈಚೆ ನಾನು, ಆಚೆ ಅವರು.

ಒಂದು ದಿನ ಎಡಗೈಯನ್ನು ಇಳಿಜಾರಾಗಿ ಚಾಚಿ, ಅದರಲ್ಲೇ ತಮ್ಮೂರಿನ ಗುಡ್ಡವನ್ನು ತೋರಿಸಿದರು. "ಹೆಗಲಂದ್ರ ಗುಡ್ಡದ ತಲಿ. ಅಲ್ಲಿ ಬರೇ ಗರಸು, ಕಲ್ಲು. ಗಿಡ ಬಿಟ್ರ ಏನೂ ನಿಲ್ಲಂಗಿಲ್ಲ. ಮೊಣಕೈ ಹತ್ರ ಮಸಾರಿ, ಕೆಂಪ ಮಣ್ಣು. ಅಂಗೈಯಾಗ ಎರಿ, ಕರೀ ಮಣ್ಣು. ಜ್ವಾಳ, ಹತ್ತಿ ಅಲ್ಲಿ. ಮ್ಯಾಲಿಂದು ಜಾರಿದ್ರ ಕೆಳಗಿಂದೂ ಹಾಳ, ತಂಗಿ."

"ಇಲ್ಲಿನ ಮಣ್ಣೂ ಮಸಾರಿನಾ ಅಂಕಲ್?"

"ಬಣ್ಣ ಅಷ್ಟ. ಇಲ್ಲಿ ಮಳಿ ಭಾಳ, ಗಿಡ ತಾವ ಏಳ್ತಾವ. ನಮ್ಮಲ್ಲಿ ಒಂದ್ ಕಮರದ ಸಸಿ ಏಳಬೇಕಂದ್ರ ವರ್ಷಗಟ್ಲೆ ಕಾಯಬೇಕು."

ಅವರು ಕಾದಿದ್ದರು. ನಿವೃತ್ತಿಯ ನಂತರ ಕುರಿಗಾರರನ್ನು ಒಪ್ಪಿಸಿ, ಬೋಳಾಗಿದ್ದ ಆ ಇಳಿಜಾರಿನಲ್ಲಿ ಮೇಯಿಸುವುದನ್ನು ನಿಲ್ಲಿಸಿದ್ದರು. ಮಳೆನೀರು ನಿಲ್ಲಲು ಅಡ್ಡಲಾಗಿ ಕಾಲುವೆ ತೋಡಿಸಿದ್ದರು. ಕಮರ, ಮುತ್ತುಗ ಮೊಣಕಾಲೆತ್ತರಕ್ಕೆ ಬಂದಿದ್ದವು. ಇಲ್ಲಿಗೆ ಹೊರಡುವ ಮುನ್ನ, ಯುಗಾದಿಗೆ ತಾವೇ ಮರಳಿ ಬಂದು, ಸಸಿಗಳಿಲ್ಲದ ಕಡೆ ನೋಡಿ ಒಂದೊಂದೇ ಪಟ್ಟಿಯನ್ನು ಮೇಯಲು ಬಿಡುವುದಾಗಿ ಮಾತು ಕೊಟ್ಟಿದ್ದರು.

ಮೇ ತಿಂಗಳ ಒಂದು ಬೆಳಿಗ್ಗೆ ನಾವು ಮಾತಾಡುತ್ತಿರುವಾಗಲೇ ಅವರ ಫೋನಿಗೆ ವಿಡಿಯೋ ಕರೆ ಬಂತು. ಕುರಿಗಾರ ಹೆಂಗಸೊಬ್ಬಳು. ಅವಳ ಹಿಂದೆ ಸಂಜೆಯ ಬಿಸಿಲು, ಗುಡ್ಡ.

"ಸಾಹೇಬ್ರ, ಸಂತಿ ಬಂದ್ ಆಗ್ಯಾವ್ರಿ. ಮರಿ ಮಾರಾಕ ಆಗವಲ್ದು, ಮೇಸಾಕ ಹೊಲದಾಗ ಏನೂ ಉಳಿದಿಲ್ಲ. ಮರಿ ಸಾಯಾಕತ್ತಾವ್ರಿ. ಆದ್ರೂ ನೀವು ಹೇಳದ ನಾ ಒಳಗ ಬಿಡಂಗಿಲ್ಲ."

"ಹುಲ್ಲು ಕೊಯ್ದು ಹಾಕಾಕ ಬರಂಗಿಲ್ಲೇನವಾ?"

"ಮಂದಿ ಹೊರಗ ಬರವಲ್ರು. ನಾ ಒಬ್ಬಾಕಿ ಎಷ್ಟಂತ ಕೊಯ್ಲಿ?"

ಅಂಕಲ್ ಫೋನನ್ನು ನನ್ನ ಕಡೆ ತಿರುಗಿಸಿ, "ಸಸಿ ಕಾಣ್ತಾವೇನು ತಂಗಿ? ನನ್ ಕಣ್ಣಿಗೆ ಬರೇ ಹುಲ್ಲು ಕಾಣಾಕತ್ತೈತಿ" ಎಂದರು. ಒಣಹುಲ್ಲಿನ ನಡುವೆ ಅಲ್ಲಲ್ಲಿ ಹಸಿರು ಚುಕ್ಕೆಗಳಿದ್ದವು. ಕಾಣುತ್ತವೆ ಎಂದೆ. ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂದು ಅಷ್ಟು ದೂರದಿಂದ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಅವರು ಫೋನನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು.

"ಬಿಡವಾ," ಎಂದರು ಕೊನೆಗೆ. "ಎಲ್ಲಾನೂ ಒಳಗ ಬಿಡು. ಜೀವ ಉಳೀಲಿ."

ಜೂನ್ ಕಳೆಯುವಷ್ಟರಲ್ಲಿ ಅಲ್ಲಿ ದೊಡ್ಡ ಮಳೆಯಾಯಿತು. ಕುರಿಗಳು ಉಳಿದಿದ್ದವು. ಹುಲ್ಲು, ಸಸಿ ಎಲ್ಲ ಅವುಗಳ ಪಾಲಾಗಿ ಗುಡ್ಡದಲ್ಲಿ ಮಣ್ಣು ಹಿಡಿಯಲು ಏನೂ ಉಳಿದಿರಲಿಲ್ಲ. ಕೆಂಪು ನೀರು ಕೆಳಗಿನ ಕಪ್ಪು ಹೊಲಗಳಿಗೆ ನುಗ್ಗುವ ವಿಡಿಯೋವನ್ನು ಅವರು ಒಂದೇ ಸಲ ನೋಡಿ ಅಳಿಸಿಬಿಟ್ಟರು. ಅಂದು ಅಕ್ಕ ಕಾರಿನಿಂದ ಇಳಿಯುತ್ತಿದ್ದಂತೆ, ವಿಮಾನ ಯಾವಾಗ ಬಿಡುತ್ತಾರೆ ಎಂದು ಅಂಕಲ್ ಕೇಳಿದರು.

"ಅಪ್ಪಾ, ಫ್ಲೈಟ್ ಇಲ್ಲ. ದಿನಾ ಚೆಕ್ ಮಾಡ್ತೀನಿ. ನಾ ಏನ್ ಮಾಡ್ಲಿ ಹೇಳು?" ಮಾಸ್ಕಿನ ಗುರುತು ಮೂಡಿದ್ದ ಅಕ್ಕನ ಮುಖವನ್ನು ನೋಡಿ ಅವರು ಒಳಗೆ ಹೋದರು. ಮತ್ತೆ ಕೇಳಿದ್ದನ್ನು ನಾನು ಕಾಣೆ.

ಚಳಿ ಶುರುವಾಗುವ ಹೊತ್ತಿಗೆ ವಿಮಾನದಲ್ಲಿ ಸೀಟು ಸಿಕ್ಕಿ ಊರಿಗೆ ಹೋದರು. ಮತ್ತೆ ಕಾಲುವೆ ತೋಡಿಸುತ್ತಿದ್ದಾರೆಂದು ಕೇಳಿದೆ. ಮರುವರ್ಷ ಎರಡನೇ ಅಲೆಯಲ್ಲಿ ತೀರಿಕೊಂಡರು. ಅಕ್ಕನಿಗೆ ಹೋಗಲಾಗಲಿಲ್ಲ...

ಮೊನ್ನೆ ಗುಂಡಿ ತೋಡುವವರು ಹೋದ ಮೇಲೆ ಅಕ್ಕ ಹಿತ್ತಲಿಗೆ ಬಂದರು. ಕೆಂಪು ಮಣ್ಣಿನ ರಾಶಿಯ ಪಕ್ಕ ನಿಂತು, "ಅಪ್ಪ ಇಲ್ಲಿ ನಿಂತು ನಿನ್ನ ಜೋಡಿ ಏನ್ ಮಾತಾಡ್ತಿದ್ದ?" ಎಂದು ಕೇಳಿದರು. ಇಷ್ಟು ವರ್ಷ ಅವರು ಅದನ್ನು ಕೇಳಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಆ ಕರೆಯನ್ನೂ.

"ನಂಗ ಯಾಕ ಹೇಳಲಿಲ್ಲ?"

ವಿಮಾನ ಹಾರಿಸುವುದು ನಿಮ್ಮ ಕೈಯಲ್ಲಿರಲಿಲ್ಲವಲ್ಲ ಅಕ್ಕ, ಎಂದೆ.

"ನಾ ಸಣ್ಣಾಕಿದ್ದಾಗಿಂದ ಹಾಸ್ಟೆಲ್‌ನಾಗ ಓದ್ದಾಕಿ. ಆ ಗುಡ್ಡಕ್ಕ ಒಂದ್ಸಲನೂ ಹೋಗಿಲ್ಲ. ಹೆಂಗದ ಅದು?"

ಫೋನಿನಲ್ಲಿ ಕಂಡಷ್ಟನ್ನು ನಾನು ಅವರಿಗೆ ಹೇಳತೊಡಗಿದೆ. ನಾನೂ ಅಲ್ಲಿಗೆ ಹೋಗಿ ಅದನ್ನು ನೋಡಿದವಳಲ್ಲ.