ಮುಸುರಿ ಮಾಮಾ

ಮಾಮಾನ ಬಲಗೈ ಮೊಣಕೈವರೆಗೆ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಎಡಗೈ ಬಿಸಿಲಿಗೆ ಕಪ್ಪಾಗಿತ್ತು. ಬಲಗೈಯ ಚರ್ಮ ಮಾತ್ರ ನೆನೆದು ನೆನೆದು ಬಿಳಿಚಿಕೊಂಡು, ಬೆರಳ ತುದಿಗಳು ಸುಕ್ಕುಗಟ್ಟಿ, ಉಗುರುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಮಹಾರಾಷ್ಟ್ರದ ಇಚಲಕರಂಜಿಯ ನಮ್ಮ ಖಾನಾವಳಿಯ ಹಿತ್ತಲಿಗೆ ಬಂದವರೇ ಆ ಕೈಯನ್ನು ಮುಸುರೆಯ ಡ್ರಮ್ಮಿನೊಳಗೆ ಇಳಿಬಿಟ್ಟು ತಳದವರೆಗೂ ತಡಕಾಡುತ್ತಿದ್ದರು. ಒಡೆದ ಗಾಜು, ಹಾಲಿನ ಪಾಕೀಟು ಸಿಕ್ಕರೆ ತೆಗೆದು ಬದಿಗಿಡುತ್ತಿದ್ದರು.

"ಎಮ್ಮಿಗಿ ಮಾತ ಬರೂದಿಲ್ರೀ ವೈನಿ. ಹೊಟ್ಟ್ಯಾಗ ಚುಚ್ಚಿದ್ರ ಯಾರ ಮುಂದ ಹೇಳ್ಬೇಕದು?" ಎನ್ನುತ್ತಿದ್ದರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು.

ಅವರು ಗಡಹಿಂಗ್ಲಜ ಕಡೆಯ ಕನ್ನಡದವರು. ಶಿರೋಳದ ಹಾದಿಯಲ್ಲಿ ಒಂದು ತಗಡಿನ ಕೊಟ್ಟಿಗೆ, ಮೂರು ಎಮ್ಮೆ, ಒಂದು ಕೈಗಾಡಿ. ನಾವು ಖಾನಾವಳಿ ತೆರೆದ ವಾರದಿಂದಲೇ ಎಮ್ಮೆಗಳಿಗೆಂದು ಮುಸುರೆ ಒಯ್ಯಲು ಬರುತ್ತಿದ್ದರು. ನನ್ನ ಗಂಡ ತೀರಿಕೊಂಡು ವ್ಯವಹಾರವೆಲ್ಲ ನನ್ನ ಮೇಲೆ ಬಿದ್ದಾಗಲೂ ಒಂದು ದಿನ ತಪ್ಪಿಸಿದವರಲ್ಲ. ಉಳಿದದ್ದನ್ನು ನೋಡಿಯೇ ನನ್ನ ಅಡುಗೆಯ ತಪ್ಪು ಹೇಳುತ್ತಿದ್ದರು. "ನಿನ್ನಿ ಬದನಿಕಾಯಿಗಿ ಉಪ್ಪ ಮುಂದಾಗಿತ್ತೇನ್ರಿ? ಹಂಗ ಉಳದಾವ ನೋಡ್ರಿ." ಊರಿನ ಮಗ್ಗಗಳು ನಿಂತ ವಾರ ಉಣ್ಣಲು ಬರುವ ಮಗ್ಗದವರೇ ಕಡಿಮೆ, ಡ್ರಮ್ಮು ಅರ್ಧವೂ ತುಂಬುತ್ತಿರಲಿಲ್ಲ. ಆಗಲೂ ಇದ್ದಷ್ಟನ್ನೇ ತಳ ಬಳಿದುಕೊಂಡು ಹೋಗುತ್ತಿದ್ದರು.

ಆಮೇಲೆ ನಗರಪಾಲಿಕೆಯಿಂದ ಹೊಸ ನಿಯಮದ ನೋಟೀಸು ಬಂತು. ದೊಡ್ಡ ಪ್ರಮಾಣದಲ್ಲಿ ಊಟ ಹಾಕುವ ಹೋಟೆಲು, ಖಾನಾವಳಿ, ಮಂಗಲ ಕಾರ್ಯಾಲಯಗಳು ತಮ್ಮ ಹಸಿಕಸವನ್ನು ತಮ್ಮ ಜಾಗದಲ್ಲೇ ಗೊಬ್ಬರ ಮಾಡಬೇಕು. ಪರವಾನಗಿ ಇಲ್ಲದವರ ಕೈಗೆ ಕೊಡಕೂಡದು. ತಪ್ಪಿದರೆ ದಂಡ, ಮತ್ತೂ ತಪ್ಪಿದರೆ ಬೀಗ. ಓದಿ ಮಡಚಿಟ್ಟೆ. ಮಾಮಾನಿಗೆ ಹೇಳಲು ಬಾಯಿ ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ತಿಂಗಳು ಕಳೆಯಿತು.

ತಪಾಸಣೆಗೆ ಬಂದವರು ಮುಂಬಾಗಿಲಲ್ಲಿ ನಿಲ್ಲದೆ ನೇರ ಹಿತ್ತಲಿಗೆ ನಡೆದರು. ಮಾಮಾ ಡ್ರಮ್ಮಿನಲ್ಲಿ ಕೈಯಿಟ್ಟು ನಿಂತಿದ್ದರು.

"ಹಾ ಕೋಣ?" ಇವನ್ಯಾರು ಎಂದು ಅಧಿಕಾರಿ ಮರಾಠಿಯಲ್ಲಿ ನನ್ನನ್ನು ಕೇಳಿದರು.

"ಮಾಹೀತ ನಾಹೀ, ಸಾಹೇಬ," ಎಂದುಬಿಟ್ಟೆ. ಗೊತ್ತಿಲ್ಲ ಅಂತ. ಮಾಮಾನೂ ನಾನೂ ಎಂದೂ ಮರಾಠಿಯಲ್ಲಿ ಮಾತಾಡಿದವರಲ್ಲ. ಅದಕ್ಕೇ ಆ ಮಾತು ಅಷ್ಟು ಸಲೀಸಾಗಿ ಬಂತೋ ಏನೋ.

ಮಾಮಾ ನನ್ನತ್ತ ಒಮ್ಮೆ ನೋಡಿದರು. ಕೈ ಹೊರಗೆಳೆದು ಝಾಡಿಸಿದರು. ಕದ್ದೊಯ್ಯಲು ಬಂದಿದ್ದೆ ಎಂದು ತಾವೇ ಮರಾಠಿಯಲ್ಲಿ ಹೇಳಿ ತಲೆ ತಗ್ಗಿಸಿದರು. ಅಧಿಕಾರಿಯ ಜೊತೆಗಿದ್ದವರು ಅವರು ಮುಸುರೆ ಒಯ್ಯುವ ಎರಡೂ ಡಬ್ಬಿಗಳನ್ನು ಕಸಿದು ವಾಹನಕ್ಕೆ ಹಾಕಿ, ರಟ್ಟೆ ಹಿಡಿದು ಹೊರಗೆ ದಬ್ಬಿದರು. ಓಣಿಯ ಜನ ನೋಡುತ್ತಿದ್ದರು. ನಾನು ಹಿತ್ತಲ ಬಾಗಿಲು ಹಿಡಿದು ನಿಂತೇ ಇದ್ದೆ. ಅಧಿಕಾರಿ ನನಗೆ ದಂಡ ಹಾಕದೆ, ಬೇಗ ಗೊಬ್ಬರದ ತೊಟ್ಟಿ ಮಾಡಿಸಿರೆಂದು ಹೇಳಿ ಹೋದರು.

ಆ ದಿನದಿಂದ ಉಳಿದ ಹೋಟೆಲಿನವರೂ ಅವರಿಗೆ ಹಿಂಬಾಗಿಲು ಮುಚ್ಚಿದರು. ನೋಟೀಸು ಅವರಿಗೂ ಬಂದಿತ್ತು. ಅವರಿಗೊಂದು ನೆಪ ಬೇಕಿತ್ತು, ಕಳ್ಳ ಎಂಬ ಮಾತು ಸಿಕ್ಕಿತು.

ವಾರದ ಮೇಲೆ ಮಾಮಾ ಬಂದರು. ಕೈಗಾಡಿಯಲ್ಲಿ ಹಳೆಯ ಇಟ್ಟಿಗೆ, ಕಬ್ಬಿನ ಒಣಗರಿಯ ರವದಿ, ಒಂದು ಬುಟ್ಟಿ ಸಗಣಿ.

"ಆ ಸಾಹೇಬ ಮತ್ತ ಬರ್ತಾನ್ರಿ ವೈನಿ. ಅಷ್ಟರಾಗ ಗೊಬ್ಬರದ ತೊಟ್ಟಿ ಆಗಿರ್ಬೇಕು."

ಇಟ್ಟಿಗೆಗಳ ನಡುವೆ ಗಾಳಿಗೆಂದು ಸಂದಿ ಬಿಟ್ಟು, ಎರಡೇ ದಿನದಲ್ಲಿ ತೊಟ್ಟಿ ಕಟ್ಟಿದರು. ಕೆಳಗೆ ರವದಿ, ಅದರ ಮೇಲೆ ಹಸಿಕಸ, ಮೇಲೆ ಸಗಣಿ, ಮತ್ತೆ ರವದಿ. "ಒಮ್ಮೆಲೆ ತುರುಕಬ್ಯಾಡ್ರಿ. ನಾತ ಬಂತಂದ್ರ ಅದಕ್ಕ ಅಜೀರ್ಣ ಆಗೇತಿ ಅಂತ ತಿಳ್ಕೋರಿ." ತಮ್ಮ ಎಮ್ಮೆಗಳ ಬಾಯಿಗೆ ಹೋಗಬೇಕಾದದ್ದನ್ನು ತಮ್ಮ ಕೈಯಾರೆ ಪದರು ಪದರಾಗಿ ಮುಚ್ಚುತ್ತಿದ್ದರು. ನಾನು ಧೈರ್ಯ ಮಾಡಿದೆ.

"ಮಾಮಾ, ಅವತ್ತ ನಾನು ಹಂಗ ಅನಬಾರದಿತ್ತು..."

"ಮ್ಯಾಲಿಂದ ಭಾಳ ಒಣಗೇತ್ರಿ. ಒಂದ್ ತಂಬಗಿ ನೀರ ತರ್ರಿ," ಎಂದರು. ನಾನು ನೀರು ತಂದುಕೊಟ್ಟೆ. ಆ ಮಾತು ಅಲ್ಲಿಗೇ ನಿಂತಿತು.

ಮುಂದಿನ ತಪಾಸಣೆಯಲ್ಲಿ ಅಧಿಕಾರಿ ತೊಟ್ಟಿಯ ಫೋಟೋ ತೆಗೆದುಕೊಂಡರು, ಹೊಗಳಿದರು. ಕಟ್ಟಿದವರು ಯಾರೆಂದು ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ.

ಆ ಮಳೆಗಾಲದೊಳಗೆ ಮಾಮಾ ಮೂರೂ ಎಮ್ಮೆ ಮಾರಿದರು. ಕೊಂಡು ತಂದ ಹಿಂಡಿ ಹಾಕಿ ಸಾಕುವ ಶಕ್ತಿ ಅವರಿಗಿರಲಿಲ್ಲ. ಆದರೂ ವಾರಕ್ಕೊಮ್ಮೆ ಬಂದು ತೊಟ್ಟಿ ತಿರುವಿಹಾಕಿ, ಚಹಾ ಸಹ ಕುಡಿಯದೆ ಹೋಗುತ್ತಿದ್ದರು. ದೀಪಾವಳಿಯ ಮೇಲೆ ಬರುವುದು ನಿಂತಿತು. ನಮ್ಮಲ್ಲಿ ಉಣ್ಣುವ ಮಗ್ಗದವರೊಬ್ಬರು ಒಂದು ಮಧ್ಯಾಹ್ನ ತಾಟಿನ ಮುಂದೆ ಕೂತು, "ನಿಮ್ಮ ಮುಸುರಿ ಮಾಮಾ ಹೋಗಿಬಿಟ್ರಲ್ರೀ, ನಾಕ ದಿನಾ ಆತು," ಎಂದರು.

ಅವತ್ತೇ ಶಿರೋಳದ ಹಾದಿ ಹಿಡಿದು ಹೋದೆ. ಮಾಮಾನ ಹೆಂಡತಿ ಬರಿದಾದ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದರು. ಖಾನಾವಳಿಯವಳೆಂದು ಹೇಳಿದ್ದೇ ತಡ, ಎದ್ದು ಚಾಪೆ ಹಾಸಿದರು.

"ನಿಮ್ಮನ್ನ ಭಾಳ ನೆನಸ್ತಿದ್ರರೀ. ಒಂದ ದಿನಾನೂ ಬರಿಗೈಲೆ ಕಳಿಸಿಲ್ಲ ವೈನಿ ಅಂತಿದ್ರು. ಯಾರೋ ಕಳ್ಳ ಅಂದ್ರಂತ, ಅದನ್ನ ಮನಸಿಗಿ ಹಚ್ಕೊಂಡ್ರು. ಉಣ್ಣೂದ ಕಡಿಮಿ ಆತು, ಮಾತ ನಿಂತೂ. ಎಷ್ಟ ಕೇಳಿದ್ರೂ ಯಾರ ಅಂದ್ರಂತ ಹೇಳ್ಲೇ ಇಲ್ಲ."

ನಾನು ಎಲ್ಲ ಹೇಳಿದೆ. ಅಧಿಕಾರಿ ಕೇಳಿದ್ದು, ನಾನಂದದ್ದು, ಮಾಮಾ ತಮ್ಮ ಮೇಲೆ ತಾವೇ ಹಾಕಿಕೊಂಡದ್ದು. ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದೆ.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಚಾಪೆಯ ಮಡಚಿದ ಅಂಚನ್ನು ಸರಿಮಾಡಿ ಅಂದರು:

"ಅವರು ನನಗ ಹೇಳಿದ್ದಿಲ್ಲ. ನೀವೂ ಹೇಳಬಾರದಿತ್ರೀ."